ಕಾಯಬಲ್ಲವರು, ಕಾಯಲಾರದವರು: ತೈಲ ಮಾರುವ ದೇಶಗಳ ನಂಟು ಮತ್ತು ಜಗಳ

(ಮಂಡ್ಯದ ಕಾಲೇಜೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ತೈಲದ ಮಾತು ಬಂದಾಗಲೆಲ್ಲ ನಾವು ಕೊಳ್ಳುವವರ ಕಡೆಯಿಂದಲೇ ಯೋಚನೆ ಮಾಡುತ್ತೇವೆ. ಬಂಕ್‌ನಲ್ಲಿ ಡೀಸೆಲ್ ಎಷ್ಟಾಯಿತು, ಟ್ರ್ಯಾಕ್ಟರ್ ಬಾಡಿಗೆ ಎಷ್ಟು ಏರಿತು, ಕಬ್ಬಿನ ಸಾಗಾಣಿಕೆಗೆ ಲಾರಿಯವರು ಎಷ್ಟು ಕೇಳುತ್ತಾರೆ, ಇಷ್ಟೇ. ಇವತ್ತು ಸ್ವಲ್ಪ ಹೊತ್ತು ಮಾರುವವರ ಕಡೆ ನಿಂತು ನೋಡೋಣ. ಸೌದಿ ಅರೇಬಿಯಾ, ಇರಾನ್, ಇರಾಕ್, ಕುವೈತ್, ವೆನೆಜುವೆಲಾ, ರಷ್ಯಾ. ಇವರೆಲ್ಲರ ಸರಕು ಒಂದೇ. ಒಂದೇ ಸರಕು ಮಾರುವವರು ಪರಸ್ಪರ ಹೇಗಿರುತ್ತಾರೆ? ಯಾವಾಗ ಕೈ ಕುಲುಕುತ್ತಾರೆ, ಯಾವಾಗ ರಾಯಭಾರಿಯನ್ನು ವಾಪಸ್ ಕರೆಸುತ್ತಾರೆ, ಯಾವಾಗ ಸೈನ್ಯ ನುಗ್ಗಿಸುತ್ತಾರೆ?

ಟಿವಿಯಲ್ಲಿ ಇದಕ್ಕೆಲ್ಲ ಒಂದೇ ಉತ್ತರ ಸಿಗುತ್ತದೆ: ಶಿಯಾ, ಸುನ್ನಿ ಪಂಗಡಗಳ ಜಗಳ. ಅದು ಪೂರ್ತಿ ಸುಳ್ಳಲ್ಲ. ಆದರೆ ಅದೊಂದನ್ನೇ ಹಿಡಿದುಕೊಂಡು ಕೂತರೆ ಅರ್ಧಕ್ಕಿಂತ ಜಾಸ್ತಿ ವಿಷಯ ಕೈತಪ್ಪಿ ಹೋಗುತ್ತದೆ. ನನ್ನ ಪ್ರಕಾರ ಇವರ ನಡುವಿನ ನಿಜವಾದ ಗೆರೆ ಬೇರೆ. ಕಾಯಬಲ್ಲವರು ಒಂದು ಕಡೆ, ಕಾಯಲಾರದವರು ಇನ್ನೊಂದು ಕಡೆ.

ಮಂಡ್ಯದವರಿಗೆ ಇದನ್ನು ಹೇಳುವುದು ಸುಲಭ, ಯಾಕೆಂದರೆ ನಿಮಗೆ ಬೆಲ್ಲದ ಮಾರುಕಟ್ಟೆ ಗೊತ್ತು. ಆಲೆಮನೆಯವರೆಲ್ಲ ಒಂದೇ ವಾರ ಬೆಲ್ಲ ತಂದು ಸುರಿದರೆ ಧಾರಣೆ ಬಿದ್ದು ಹೋಗುತ್ತದೆ. ‘ಈ ವಾರ ಎಲ್ಲರೂ ಅರ್ಧ ಮಾತ್ರ ತರೋಣ’ ಅಂತ ಮಾತಾಡಿಕೊಂಡರೆ ಧಾರಣೆ ನಿಲ್ಲುತ್ತದೆ. ಆದರೆ ಮಗಳ ಮದುವೆ ಇಟ್ಟುಕೊಂಡವನು, ಸಾಲದ ಕಂತು ಕಟ್ಟಬೇಕಾದವನು ಏನು ಮಾಡುತ್ತಾನೆ? ರಾತ್ರೋರಾತ್ರಿ ಒಂದು ಲೋಡ್ ಕಳಿಸಿಬಿಡುತ್ತಾನೆ. ಉಳಿದವರು ಕಾದು ಉಳಿಸಿದ ಧಾರಣೆಯಲ್ಲಿ ಅವನ ಸರಕು ಮಾರಾಟವಾಗುತ್ತದೆ. ಮುಂದಿನ ವಾರ ಯಾರೂ ಮಾತಿಗೆ ನಿಲ್ಲುವುದಿಲ್ಲ. ತೈಲ ಮಾರುವ ದೇಶಗಳು ಕಟ್ಟಿಕೊಂಡ ಒಪೆಕ್ ಅನ್ನುವ ಸಂಘದ ಅರವತ್ತು ವರ್ಷಗಳ ಕಥೆಯಲ್ಲಿ ಬಹುಪಾಲು ಇದೇ ಇದೆ. ಒಂದೇ ವ್ಯತ್ಯಾಸ, ಅಲ್ಲಿ ಮಾತು ಮುರಿದವನ ಹತ್ತಿರ ಸೈನ್ಯವೂ ಇರುತ್ತದೆ.

ಸೌದಿ, ಕುವೈತ್, ಅಬುಧಾಬಿ ಇವರಿಗೆ ನೆಲದಡಿ ತೈಲ ಹೇರಳ. ಜನಸಂಖ್ಯೆ ಕಡಿಮೆ, ಕೈಯಲ್ಲಿ ಕಾಸಿದೆ. ಇವರು ಕಾಯಬಲ್ಲರು. ಅಷ್ಟೇ ಅಲ್ಲ, ಬೆಲೆ ವಿಪರೀತ ಏರಿದರೆ ಇವರಿಗೆ ಭಯ. ಕೊಳ್ಳುವವರು ಬೇರೆ ದಾರಿ ಹುಡುಕಿಬಿಟ್ಟರೆ ಇನ್ನೂ ಎಷ್ಟೋ ವರ್ಷ ಬರುವ ತೈಲವನ್ನು ಯಾರಿಗೆ ಮಾರುವುದು? ಇರಾನ್, ಅಲ್ಜೀರಿಯಾ, ನೈಜೀರಿಯಾ, ವೆನೆಜುವೆಲಾ ಇವರ ಸ್ಥಿತಿ ಬೇರೆ. ಸಾಕಬೇಕಾದ ಜನ ಜಾಸ್ತಿ, ಖರ್ಚು ಜಾಸ್ತಿ, ಸಾಲ ಇದೆ. ಇವರಿಗೆ ಇವತ್ತೇ, ಒಳ್ಳೆ ಬೆಲೆಗೇ ಮಾರಬೇಕು. 1976ರ ಡಿಸೆಂಬರ್‌ನಲ್ಲಿ ದೋಹಾದಲ್ಲಿ ಸಭೆ ಸೇರಿದಾಗ ಇದು ಬಯಲಿಗೇ ಬಂತು. ಹೆಚ್ಚಿನವರು ಬೆಲೆಯನ್ನು ಶೇ. 10 ಏರಿಸಿದರು. ಸೌದಿ ಮತ್ತು ಯುಎಇ (ಅಬುಧಾಬಿ, ದುಬೈ ಎಲ್ಲ ಸೇರಿದ ದೇಶ) ಮಾತ್ರ ಶೇ. 5ಕ್ಕೆ ನಿಂತರು. ಕೆಲವು ತಿಂಗಳು ಒಂದೇ ಸಂಘದಲ್ಲಿ ಎರಡು ಬೆಲೆ ನಡೆಯಿತು.

ಈ ಸಂಘ ಹುಟ್ಟಿದ್ದು ಸ್ನೇಹದಿಂದ ಅಲ್ಲ, ಸಿಟ್ಟಿನಿಂದ. ಆಗೆಲ್ಲ ತೈಲ ತೆಗೆಯುವುದು, ಬೆಲೆ ಕಟ್ಟುವುದು ಪಶ್ಚಿಮದ ದೊಡ್ಡ ಕಂಪನಿಗಳ ಕೈಯಲ್ಲಿತ್ತು. 1960ರ ಆಗಸ್ಟ್‌ನಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಆಫ್ ನ್ಯೂಜೆರ್ಸಿ ಕಂಪನಿ, ತೈಲ ಇರುವ ದೇಶಗಳನ್ನು ಒಂದು ಮಾತೂ ಕೇಳದೆ ಘೋಷಿತ ಬೆಲೆ ಇಳಿಸಿತು. ಆ ದೇಶಗಳ ಆದಾಯ ಆ ಬೆಲೆಯ ಲೆಕ್ಕದ ಮೇಲೇ ನಿಂತಿತ್ತು. ಮುಂದಿನ ತಿಂಗಳೇ ಬಾಗ್ದಾದ್‌ನಲ್ಲಿ ಐದು ದೇಶಗಳು ಸೇರಿದವು: ಇರಾಕ್, ಇರಾನ್, ಕುವೈತ್, ಸೌದಿ ಅರೇಬಿಯಾ, ವೆನೆಜುವೆಲಾ. ಇದರ ಹಿಂದೆ ದುಡಿದವರು ಮುಖ್ಯವಾಗಿ ಇಬ್ಬರು, ವೆನೆಜುವೆಲಾದ ಹುವಾನ್ ಪಾಬ್ಲೊ ಪೆರೆಸ್ ಅಲ್ಫೋನ್ಸೊ ಮತ್ತು ಸೌದಿಯ ಅಬ್ದುಲ್ಲಾ ತರೀಕಿ.

ಆ ಮೇಜಿನ ಸುತ್ತ ಕೂತವರನ್ನು ಸ್ವಲ್ಪ ಗಮನಿಸಿ. ಇರಾನಿನಲ್ಲಿ ಷಾ, ಅಂದರೆ ರಾಜ. ಸೌದಿಯಲ್ಲೂ ರಾಜ. ಇರಾಕಿನಲ್ಲಿ ಎರಡೇ ವರ್ಷದ ಹಿಂದೆ ರಾಜನನ್ನು ಕೊಂದು ಅಧಿಕಾರ ಹಿಡಿದ ಸೇನೆಯ ಸರ್ಕಾರ. ಕುವೈತ್ ಇನ್ನೂ ಬ್ರಿಟಿಷರ ರಕ್ಷಣೆಯಲ್ಲಿತ್ತು, ಪೂರ್ತಿ ಸ್ವತಂತ್ರವೂ ಆಗಿರಲಿಲ್ಲ. 1961ರ ಜೂನ್‌ನಲ್ಲಿ ಕುವೈತ್ ಸ್ವತಂತ್ರವಾದ ಕೂಡಲೇ ಇರಾಕಿನ ಪ್ರಧಾನಿ ಅಬ್ದುಲ್ ಕರೀಂ ಕಾಸಿಂ ‘ಅದು ನಮ್ಮದೇ ನೆಲ’ ಅಂದರು. ಬ್ರಿಟನ್ ಸೈನ್ಯ ಇಳಿಸಬೇಕಾಯಿತು. ಸಂಘಕ್ಕೆ ವರ್ಷ ತುಂಬುವ ಮೊದಲೇ ಒಬ್ಬ ಸಂಸ್ಥಾಪಕ ಸದಸ್ಯ ಇನ್ನೊಬ್ಬನನ್ನು ನುಂಗಲು ಹೊರಟಿದ್ದ. ಆದರೂ ಸಂಘ ಉಳಿಯಿತು.

1973ರ ಕಥೆ ನಿಮಗೆ ಗೊತ್ತೇ ಇರುತ್ತದೆ, ಜಾಸ್ತಿ ಹೇಳುವುದಿಲ್ಲ. ಅರಬ್ ದೇಶಗಳು ಇಸ್ರೇಲ್ ಪರ ನಿಂತವರಿಗೆ ತೈಲ ನಿಲ್ಲಿಸಿದವು, ಬ್ಯಾರೆಲ್‌ಗೆ 3 ಡಾಲರ್ ಆಸುಪಾಸಿದ್ದ ಬೆಲೆ 1974ರ ಆರಂಭಕ್ಕೆ 12 ಡಾಲರ್ ಹತ್ತಿರ ಬಂತು. ಒಂದು ವಿಷಯ ಮಾತ್ರ ನೆನಪಿಡಿ. ಆ ನಿರ್ಬಂಧದಲ್ಲಿ ಇರಾನ್ ಸೇರಲಿಲ್ಲ. ಏರಿದ ಬೆಲೆಯ ಲಾಭ ಪಡೆಯಿತು, ತೈಲ ಮಾರುತ್ತಲೇ ಇತ್ತು.

ಈಗ ನನಗೆ ಬಹಳ ಕಾಡುವ ಒಂದು ಸಭೆಯ ವಿಷಯಕ್ಕೆ ಬರುತ್ತೇನೆ. 1980ರ ಸೆಪ್ಟೆಂಬರ್‌ನಲ್ಲಿ ಇರಾಕ್ ಇರಾನಿನ ಮೇಲೆ ಯುದ್ಧ ಸಾರಿತು. ಅಬಾದಾನಿನ ತೈಲ ಶುದ್ಧೀಕರಣ ಘಟಕ ಹೊತ್ತಿ ಉರಿಯಿತು. ಯುದ್ಧದ ಮೊದಲ ತಿಂಗಳುಗಳಲ್ಲೇ ಇರಾನಿನ ತೈಲ ಸಚಿವ ಮೊಹಮ್ಮದ್ ಜವಾದ್ ತೊಂದ್‌ಗೂಯಾನ್ ಅಬಾದಾನ್ ಕಡೆ ಹೋಗುವಾಗ ಇರಾಕಿ ಸೈನಿಕರ ಕೈಗೆ ಸಿಕ್ಕಿಬಿದ್ದರು. ಡಿಸೆಂಬರ್‌ನಲ್ಲಿ ಇಂಡೋನೇಷ್ಯಾದ ಬಾಲಿಯಲ್ಲಿ ಒಪೆಕ್ ಸಭೆ. ಇರಾನ್ ಬರುತ್ತದಾ ಅನ್ನುವುದೇ ಎಲ್ಲರ ಪ್ರಶ್ನೆ. ಇರಾನ್ ಬಂತು. ನಿಯೋಗದ ಮುಖ್ಯಸ್ಥರ ಕುರ್ಚಿಯಲ್ಲಿ ಸೆರೆಸಿಕ್ಕ ಸಚಿವರ ದೊಡ್ಡ ಭಾವಚಿತ್ರ ಇಟ್ಟು ಕೂತಿತು. ಇಂಗ್ಲಿಷ್ ಅಕ್ಷರ ಕ್ರಮದಲ್ಲಿ ಕೂರಿಸಿದರೆ ಇರಾನಿನ ಪಕ್ಕದ ಕುರ್ಚಿ ಇರಾಕಿನದು. ಅತಿಥೇಯರಾದ ಇಂಡೋನೇಷ್ಯಾದವರು ಇಬ್ಬರ ಮಧ್ಯೆ ಕೂತರು. ಆ ಕಡೆ ಗಡಿಯಲ್ಲಿ ಹುಡುಗರು ಸಾಯುತ್ತಿದ್ದರು. ಈ ಕಡೆ ಅದೇ ಎರಡು ಸರ್ಕಾರಗಳ ಪ್ರತಿನಿಧಿಗಳು ಬ್ಯಾರೆಲ್ ಬೆಲೆ ಎಷ್ಟಿರಬೇಕು ಅಂತ ಒಂದೇ ಕೋಣೆಯಲ್ಲಿ ಕೂತು ಮಾತಾಡಿದರು.

ತೊಂದ್‌ಗೂಯಾನ್ ಜೀವಂತ ಮರಳಲಿಲ್ಲ. ಯುದ್ಧ ಮುಗಿದ ಮೇಲೆ ಅವರ ಶವ ಮಾತ್ರ ಊರಿಗೆ ಬಂತು.

ಆ ಯುದ್ಧ ಎಂಟು ವರ್ಷ ನಡೆಯಿತು. ಎರಡೂ ದೇಶ ಒಪೆಕ್ ಬಿಡಲಿಲ್ಲ. ಯಾಕೆ ಅಂತ ಕೇಳಿದರೆ ಉತ್ತರ ಸರಳ. ಗುಂಡು ಕೊಳ್ಳಲು ದುಡ್ಡು ಬೇಕು, ದುಡ್ಡು ಬರಬೇಕಾದರೆ ತೈಲಕ್ಕೆ ಬೆಲೆ ಇರಬೇಕು, ಬೆಲೆ ಇರಬೇಕಾದರೆ ಶತ್ರುವಿನ ಜೊತೆಗೂ ಕೂರಬೇಕು. ಜಗಳ ಕೋಟಾದ ಮೇಜಿನ ಮೇಲೂ ನಡೆಯಿತು. ಯಾರು ದಿನಕ್ಕೆ ಎಷ್ಟು ತೆಗೆಯಬಹುದು ಅನ್ನುವ ಪಾಲಿಗೆ ಕೋಟಾ ಅನ್ನುತ್ತಾರೆ. ಇರಾನಿಗೆ ಎಷ್ಟೋ ನಮಗೂ ಅಷ್ಟೇ ಬೇಕು ಅಂತ ಇರಾಕ್ ಹಟ ಹಿಡಿಯಿತು, ಇರಾನ್ ಒಪ್ಪಲಿಲ್ಲ. 1988ರ ಆಗಸ್ಟ್‌ನಲ್ಲಿ ಕದನವಿರಾಮ. ಅದೇ ನವೆಂಬರ್‌ನಲ್ಲಿ ಇಬ್ಬರಿಗೂ ಸಮ ಕೋಟಾ. ಲಕ್ಷಾಂತರ ಜನ ಸತ್ತ ಮೇಲೆ ಗಡಿ ಹೆಚ್ಚುಕಡಿಮೆ ಮೊದಲಿದ್ದಲ್ಲೇ ಇತ್ತು. ಇರಾಕಿಗೆ ಕಾಗದದ ಮೇಲೆ ಸಿಕ್ಕ ಲಾಭಗಳಲ್ಲಿ ಈ ಸಮಪಾಲೂ ಒಂದು ಅನ್ನುವುದನ್ನು ಯೋಚಿಸಿದರೆ ಸಂಕಟವಾಗುತ್ತದೆ.

ಇದೇ ಹೊತ್ತಿನಲ್ಲಿ ಕಾಯಬಲ್ಲವನಿಗೂ ತಾಳ್ಮೆ ತಪ್ಪಿತು. 1980ರ ದಶಕದ ಮೊದಲಲ್ಲಿ ಬೇಡಿಕೆ ಕುಸಿದಾಗ ಬೆಲೆ ಉಳಿಸುವ ಭಾರವನ್ನು ಹೆಚ್ಚಾಗಿ ಹೊತ್ತಿದ್ದು ಸೌದಿ. ದಿನಕ್ಕೆ ಸುಮಾರು 1 ಕೋಟಿ ಬ್ಯಾರೆಲ್ ತೆಗೆಯುತ್ತಿದ್ದ ದೇಶ 1985ರ ಬೇಸಿಗೆಗೆ ಅದರ ಕಾಲು ಭಾಗಕ್ಕೆ ಇಳಿದಿತ್ತು. ಬೇರೆಯವರು ಕೋಟಾ ಮೀರಿ ಮಾರುತ್ತಿದ್ದರು. ಕೊನೆಗೆ ಸೌದಿ ನಲ್ಲಿ ತೆರೆಯಿತು. 1986ರಲ್ಲಿ ಬೆಲೆ 10 ಡಾಲರ್ ಹತ್ತಿರಕ್ಕೆ ಬಿತ್ತು. ಕಾಯಲಾರದವರ ಖಜಾನೆ ಬರಿದಾಯಿತು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಸೌದಿಯ ತೈಲ ಸಚಿವರಾಗಿದ್ದ ಅಹ್ಮದ್ ಝಕಿ ಯಮಾನಿ ಅದೇ ವರ್ಷ ಹುದ್ದೆ ಕಳೆದುಕೊಂಡರು.

ಈಗ 1990, ಇರಾಕ್ ಕುವೈತಿನ ಮೇಲೆ ದಾಳಿ ಮಾಡಿದ ವರ್ಷ. ಎಲ್ಲರೂ ಇದನ್ನು ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನ್ ಎಂಬ ಒಬ್ಬ ಮನುಷ್ಯನ ಹುಚ್ಚು ಅಂತ ಹೇಳಿ ಮುಗಿಸುತ್ತಾರೆ. ಲೆಕ್ಕಪುಸ್ತಕವನ್ನೂ ಒಂದು ಸಲ ನೋಡಬೇಕು.

ಯುದ್ಧ ನಡೆಯುವಾಗ ಸೌದಿ, ಕುವೈತ್ ಎರಡೂ ಇರಾಕಿಗೆ ಹಣ ಕೊಟ್ಟಿದ್ದವು. ತಮ್ಮಿಬ್ಬರಿಗೂ ಸೇರಿದ ಗಡಿ ಪ್ರದೇಶದ ತೈಲವನ್ನು ಇರಾಕಿನ ಲೆಕ್ಕದಲ್ಲಿ ಮಾರಿಕೊಟ್ಟಿದ್ದವು. ಯುದ್ಧ ಮುಗಿದ ಮೇಲೆ ಪ್ರಶ್ನೆ ಬಂತು, ಇದು ಸಾಲವೋ ಸಹಾಯವೋ? ‘ಇರಾನಿನಿಂದ ನಿಮ್ಮನ್ನೂ ಕಾಪಾಡಿದ್ದು ನಾವು, ಇನ್ನೆಲ್ಲಿಯ ಸಾಲ’ ಅನ್ನುವುದು ಇರಾಕಿನ ವಾದ. ಸಾಲವನ್ನು ಮನ್ನಾ ಮಾಡಲು ಕುವೈತ್ ಸಿದ್ಧವಿರಲಿಲ್ಲ. ಅದೇ ಸಮಯದಲ್ಲಿ ಕುವೈತ್ ಮತ್ತು ಯುಎಇ ಕೋಟಾ ಮೀರಿ ತೈಲ ತೆಗೆಯುತ್ತಿದ್ದವು, ಬೆಲೆ ಇಳಿಯುತ್ತಿತ್ತು. ಬ್ಯಾರೆಲ್‌ಗೆ ಒಂದು ಡಾಲರ್ ಇಳಿದರೆ ನಮಗೆ ವರ್ಷಕ್ಕೆ 100 ಕೋಟಿ ಡಾಲರ್ ನಷ್ಟ ಅಂತ ಸದ್ದಾಂ ಅರಬ್ ನಾಯಕರ ಮುಂದೆ ಹೇಳಿದರು. ಇದರ ಮೇಲೆ ರುಮೈಲಾ. ಈ ತೈಲ ನಿಕ್ಷೇಪದ ಬಹುಭಾಗ ಇರಾಕಿನಲ್ಲಿದೆ, ದಕ್ಷಿಣದ ತುದಿ ಕುವೈತಿಗೆ ಚಾಚಿದೆ. ಕುವೈತ್ ತನ್ನ ಕಡೆಯಿಂದ ನಮ್ಮ ತೈಲ ಹೀರಿಕೊಂಡಿದೆ, 240 ಕೋಟಿ ಡಾಲರ್ ಕೊಡಬೇಕು ಅಂತ ಇರಾಕ್ 1990ರ ಜುಲೈನಲ್ಲಿ ಅರಬ್ ಲೀಗ್‌ಗೆ ದೂರು ಬರೆಯಿತು.

ಗಮನಿಸಿ, ಇಲ್ಲಿ ಇಬ್ಬರೂ ಅರಬರು. ಇಬ್ಬರೂ ಒಂದೇ ಸಂಘದ ಸಂಸ್ಥಾಪಕರು. ಎಂಟು ವರ್ಷದ ಯುದ್ಧದಲ್ಲಿ ಒಬ್ಬನಿಗೆ ಇನ್ನೊಬ್ಬ ಹಣ ಕೊಟ್ಟವನು. ಕುವೈತ್ ಕಾಯಬಲ್ಲದು, ಅದರ ಉಳಿತಾಯ ವಿದೇಶಗಳಲ್ಲಿ ಹೂಡಿಕೆಯಾಗಿತ್ತು. ಇರಾಕ್ ಕಾಯಲಾರದು. ಜುಲೈ ಕೊನೆಯಲ್ಲಿ ಜಿನೀವಾದಲ್ಲಿ ಒಪೆಕ್ ಸಭೆ ಸೇರಿ ಗುರಿ ಬೆಲೆಯನ್ನು 18ರಿಂದ 21 ಡಾಲರ್‌ಗೆ ಏರಿಸಿತು. ಇರಾಕಿನ ಸೈನ್ಯ ಆಗಲೇ ಗಡಿಯಲ್ಲಿತ್ತು. ಆಗಸ್ಟ್ 2ರ ಬೆಳಗಿನ ಜಾವ ಒಳಗೆ ನುಗ್ಗಿತು. 1991ರಲ್ಲಿ ಸೋತು ಹಿಂದೆ ಸರಿಯುವಾಗ ಇರಾಕಿ ಸೈನ್ಯ ಕುವೈತಿನ ಆರುನೂರಕ್ಕೂ ಜಾಸ್ತಿ ತೈಲ ಬಾವಿಗಳಿಗೆ ಬೆಂಕಿ ಹಚ್ಚಿತು. ಈ ಲೆಕ್ಕ ತೀರಿದ್ದು 2022ರ ಜನವರಿಯಲ್ಲಿ. ತನ್ನ ತೈಲದ ಆದಾಯದಲ್ಲಿ ಒಂದು ಪಾಲು ಮುರಿದುಕೊಟ್ಟು, ವಿಶ್ವಸಂಸ್ಥೆಯ ಆಯೋಗದ ಮೂಲಕ 5,240 ಕೋಟಿ ಡಾಲರ್ ಪರಿಹಾರದ ಕೊನೆಯ ಕಂತನ್ನು ಇರಾಕ್ ಆಗ ಕಟ್ಟಿತು. ಆಕ್ರಮಣದ ದಿನ ಹುಟ್ಟಿದ ಮಗು ಅಷ್ಟೊತ್ತಿಗೆ ಮೂವತ್ತೊಂದು ದಾಟಿತ್ತು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಯಾಕೆಂದರೆ ಈ ಜಗಳದ ಬಿಲ್ಲು ನಮ್ಮ ಮನೆಗೂ ಬಂತು. ಕುವೈತ್ ಮತ್ತು ಇರಾಕಿನಲ್ಲಿ ಸಿಕ್ಕಿಬಿದ್ದಿದ್ದ ಸುಮಾರು 1.7 ಲಕ್ಷ ಭಾರತೀಯರನ್ನು ಜೋರ್ಡಾನ್‌ನ ಅಮ್ಮಾನ್ ಮೂಲಕ ವಿಮಾನಗಳಲ್ಲಿ ಕರೆತರಬೇಕಾಯಿತು. ಅವರು ಮನೆಗೆ ಕಳಿಸುತ್ತಿದ್ದ ಹಣ ನಿಂತಿತು. ಅದೇ ಹೊತ್ತಿಗೆ ತೈಲದ ಬೆಲೆ ಎರಡರಷ್ಟಾಯಿತು. ನಮ್ಮ ವಿದೇಶಿ ವಿನಿಮಯ ಮೊದಲೇ ಸೊರಗಿತ್ತು. 1991ರಲ್ಲಿ ದೇಶ ಚಿನ್ನ ಒತ್ತೆ ಇಟ್ಟ ಕಥೆಯಲ್ಲಿ ರುಮೈಲಾದ ಪಾಲೂ ಇದೆ. ಇಲ್ಲಿರುವ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಉದಾರೀಕರಣ ಅಂತ ಓದುವಾಗ ಈ ಪುಟವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಹಾಗಾದರೆ ಗಡಿ ದಾಟಿದ ತೈಲ ಅಂದರೆ ಯುದ್ಧವೇನಾ? ಅಲ್ಲ. ರುಮೈಲಾದಿಂದ ದಕ್ಷಿಣಕ್ಕೆ, ಅದೇ ಕೊಲ್ಲಿಯಲ್ಲಿ ಅಬು ಸಫಾ ಅನ್ನುವ ನಿಕ್ಷೇಪ ಇದೆ, ಸೌದಿ ಮತ್ತು ಬಹ್ರೇನ್ ನಡುವಿನ ಸಮುದ್ರದಲ್ಲಿ. 1958ರಲ್ಲೇ ಇಬ್ಬರೂ ಸಮುದ್ರದ ಗಡಿ ಒಪ್ಪಂದ ಮಾಡಿಕೊಂಡರು. ಆ ಜಾಗ ಸೌದಿಯ ಪಾಲಿಗೆ, ತೈಲ ತೆಗೆಯುವುದು ಸೌದಿ, ಆದಾಯದಲ್ಲಿ ಅರ್ಧ ಬಹ್ರೇನಿಗೆ. ಅಲ್ಲಿಂದ ಯುದ್ಧದ ಸುದ್ದಿ ನೀವು ಕೇಳಿಲ್ಲ. ಆದರೆ ಇದಕ್ಕೂ ಬೆಲೆ ಇದೆ. ಬಹ್ರೇನಿನ ಖಜಾನೆಗೆ ಬರುವ ತೈಲದ ಹಣದಲ್ಲಿ ದೊಡ್ಡ ಪಾಲು ಆ ಅರ್ಧದಿಂದಲೇ ಬರುತ್ತದೆ. ನಲ್ಲಿ ಇರುವುದು ಸೌದಿಯ ಕೈಯಲ್ಲಿ. ಹಾಗಾಗಿ ಬಹ್ರೇನಿನ ವಿದೇಶಾಂಗ ನೀತಿ ರಿಯಾದ್ ಕಡೆ ನೋಡದೆ ಒಂದು ಹೆಜ್ಜೆ ಇಡುವುದು ಕಷ್ಟ. 2016ರಲ್ಲಿ ಸೌದಿ ಇರಾನ್ ಜೊತೆ ಸಂಬಂಧ ಕಡಿದುಕೊಂಡಾಗ ಮರುದಿನವೇ ಬಹ್ರೇನ್ ಕೂಡ ಕಡಿದುಕೊಂಡಿತು. 2017ರಲ್ಲಿ ಕತಾರ್ ವಿಷಯದಲ್ಲೂ ಹಾಗೇ ಆಯಿತು.

ಕತಾರ್ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 2017ರ ಜೂನ್‌ನಲ್ಲಿ ಸೌದಿ, ಯುಎಇ, ಬಹ್ರೇನ್, ಈಜಿಪ್ಟ್ ನಾಲ್ಕೂ ಸೇರಿ ಕತಾರಿಗೆ ದಿಗ್ಬಂಧನ ಹಾಕಿದವು. ಗಡಿ ಬಂದ್, ವಿಮಾನ ಬಂದ್, ಹಡಗು ಬಂದ್. ಕತಾರಿನ ಸಂಪತ್ತೆಲ್ಲ ಅನಿಲದ್ದು. ಆ ನಿಕ್ಷೇಪವನ್ನು ಅದು ಸಮುದ್ರದಡಿ ಹಂಚಿಕೊಂಡಿರುವುದು ಇರಾನಿನ ಜೊತೆ. ಇರಾನನ್ನು ಎದುರು ಹಾಕಿಕೊಂಡು ಕತಾರ್ ಬಾಳುವುದು ಹೇಗೆ? ದಿಗ್ಬಂಧನಕ್ಕೆ ಕೊಟ್ಟ ಕಾರಣಗಳಲ್ಲಿ ಇರಾನ್ ನಂಟೂ ಇತ್ತು. ಸ್ವಾರಸ್ಯ ಇರುವುದು ಇನ್ನೊಂದು ಕಡೆ. ಕತಾರಿನಿಂದ ಯುಎಇಗೆ ಸಮುದ್ರದಡಿ ಡಾಲ್ಫಿನ್ ಅನ್ನುವ ಅನಿಲ ಪೈಪ್‌ಲೈನ್ ಇದೆ. ದಿಗ್ಬಂಧನದ ಮೂರೂವರೆ ವರ್ಷವೂ ಅದು ನಿಲ್ಲಲಿಲ್ಲ. ದೋಹಾದಿಂದ ದುಬೈಗೆ ಮನುಷ್ಯರು ನೇರವಾಗಿ ಹೋಗುವ ಹಾಗಿರಲಿಲ್ಲ, ಅನಿಲ ಹೋಗುತ್ತಿತ್ತು. ಯುಎಇಯ ವಿದ್ಯುತ್ ಘಟಕಗಳಿಗೆ ಅದು ಬೇಕಿತ್ತು, ಕತಾರಿಗೂ ಮಾತು ತಪ್ಪದ ಮಾರಾಟಗಾರ ಅನ್ನುವ ಹೆಸರು ಬೇಕಿತ್ತು. 2019ರ ಜನವರಿಯಲ್ಲಿ ಕತಾರ್ ಒಪೆಕ್ ಬಿಟ್ಟು ಹೊರನಡೆಯಿತು.

ಸೌದಿ ಮತ್ತು ಇರಾನ್. ಇದು ಧರ್ಮದ ಜಗಳ ಮಾತ್ರ ಅನ್ನುವವರಿಗೆ ನಾನು 2016ರ ಕ್ಯಾಲೆಂಡರ್ ತೋರಿಸುತ್ತೇನೆ. ಜನವರಿ ಮೊದಲ ವಾರ ಸೌದಿ ಶಿಯಾ ಧರ್ಮಗುರು ನಿಮ್ರ್ ಅಲ್-ನಿಮ್ರ್ ಅವರಿಗೆ ಮರಣದಂಡನೆ ಜಾರಿ ಮಾಡಿತು. ಟೆಹ್ರಾನ್‌ನಲ್ಲಿ ಸೌದಿ ರಾಯಭಾರ ಕಚೇರಿಗೆ ಗುಂಪು ನುಗ್ಗಿ ಬೆಂಕಿ ಹಚ್ಚಿತು. ಸಂಬಂಧ ಕಡಿಯಿತು. ಏಪ್ರಿಲ್‌ನಲ್ಲಿ ದೋಹಾದಲ್ಲಿ ಉತ್ಪಾದನೆ ತಡೆಹಿಡಿಯುವ ಮಾತು ನಡೆಯಿತು, ಇರಾನ್ ಸೇರದಿದ್ದರೆ ನಾವೂ ಇಲ್ಲ ಅಂತ ಸೌದಿ ಎದ್ದಿತು. ಆಗ ಪರಮಾಣು ಕಾರ್ಯಕ್ರಮದ ಕಾರಣಕ್ಕೆ ಇರಾನ್ ಮೇಲೆ ಹಾಕಿದ್ದ ನಿರ್ಬಂಧ ಸಡಿಲವಾಗಿ ಮೂರು ತಿಂಗಳಷ್ಟೇ ಆಗಿತ್ತು. ‘ಇಷ್ಟು ವರ್ಷ ಮಾರಲಾಗದೆ ಕೂತವರು ನಾವು, ಈಗ ಕಡಿತ ಮಾಡಿ ಅಂದರೆ ಹೇಗೆ’ ಅನ್ನುವುದು ಅದರ ವಾದ. ಬೆಲೆ ಬಿದ್ದೇ ಇತ್ತು. ಈ ಸಲ ಸೌದಿಗೂ ಕಾಯುವುದು ಕಷ್ಟವಾಗಿತ್ತು, ಬಜೆಟ್ ಕೊರತೆ ಏರಿತ್ತು, ಯೆಮೆನ್ ಯುದ್ಧದ ಖರ್ಚು ಬೇರೆ. ನವೆಂಬರ್ 30ರಂದು ವಿಯೆನ್ನಾದಲ್ಲಿ ಒಪ್ಪಂದವಾಯಿತು. ಸೌದಿ ದಿನಕ್ಕೆ 4.86 ಲಕ್ಷ ಬ್ಯಾರೆಲ್ ಕಡಿತ ಮಾಡಿತು, ಇರಾನಿಗೆ ಸುಮಾರು 38 ಲಕ್ಷದವರೆಗೆ ಸ್ವಲ್ಪ ಏರಿಸಲು ಬಿಟ್ಟಿತು. ಒಬ್ಬರ ರಾಜಧಾನಿಯಲ್ಲಿ ಇನ್ನೊಬ್ಬರ ರಾಯಭಾರಿ ಇಲ್ಲ, ಆದರೂ ಬ್ಯಾರೆಲ್ ಲೆಕ್ಕಕ್ಕೆ ಸಹಿ ಬಿತ್ತು. ರಾಯಭಾರ ಸಂಬಂಧ ಮರಳಿದ್ದು 2023ರ ಮಾರ್ಚ್‌ನಲ್ಲಿ, ಬೀಜಿಂಗ್‌ನಲ್ಲಿ. ಕೂರಿಸಿ ಮಾತಾಡಿಸಿದ ಚೀನಾ ಇಬ್ಬರಿಗೂ ದೊಡ್ಡ ಗಿರಾಕಿ.

ಮಧ್ಯದಲ್ಲಿ ಇನ್ನೊಂದು ಘಟನೆ ಇದೆ. 2019ರ ಸೆಪ್ಟೆಂಬರ್ 14ರಂದು ಸೌದಿಯ ಅಬ್ಕೈಕ್ ತೈಲ ಸಂಸ್ಕರಣಾ ಘಟಕ ಮತ್ತು ಖುರೈಸ್ ತೈಲ ನಿಕ್ಷೇಪದ ಮೇಲೆ ಡ್ರೋನ್, ಕ್ಷಿಪಣಿ ದಾಳಿ ನಡೆದು ದಿನಕ್ಕೆ 57 ಲಕ್ಷ ಬ್ಯಾರೆಲ್ ಉತ್ಪಾದನೆ ನಿಂತಿತು. ಯೆಮೆನ್‌ನ ಹೂತಿ ಬಂಡುಕೋರರು ನಾವೇ ಮಾಡಿದ್ದು ಅಂದರು, ಸೌದಿ ಮತ್ತು ಅಮೆರಿಕ ಬೊಟ್ಟು ಮಾಡಿದ್ದು ಇರಾನಿನ ಕಡೆ. ಸೌದಿಯನ್ನು ಮುಂದೆ ಮಾತುಕತೆಗೆ ತಂದ ಕಾರಣಗಳಲ್ಲಿ ಆ ದಿನವೇ ದೊಡ್ಡದು ಅಂತ ನಾನು ನಂಬಿದ್ದೇನೆ. ತೈಲ ಮಾರುವ ದೇಶಕ್ಕೆ ಗಡಿ ಕಾಯುವುದಕ್ಕಿಂತ ಕಷ್ಟ ಪೈಪು ಕಾಯುವುದು.

2016ರ ಡಿಸೆಂಬರ್‌ನಲ್ಲಿ ರಷ್ಯಾ ಮತ್ತು ಇನ್ನೂ ಕೆಲವರು ಜೊತೆಗೂಡಿ ಒಪೆಕ್ ಪ್ಲಸ್ ಆಯಿತು. ಮರುವರ್ಷ ದೊರೆ ಸಲ್ಮಾನ್ ಮಾಸ್ಕೋಗೆ ಹೋದರು. ಅಧಿಕಾರದಲ್ಲಿದ್ದ ಸೌದಿ ದೊರೆಯೊಬ್ಬರು ರಷ್ಯಾಕ್ಕೆ ಕಾಲಿಟ್ಟದ್ದು ಅದೇ ಮೊದಲು. ಸಿರಿಯಾದಲ್ಲಿ ಇಬ್ಬರೂ ಎದುರಾಳಿ ಬಣಗಳಿಗೆ ಬೆಂಬಲ ಕೊಟ್ಟವರು. ಈ ಗೆಳೆತನವೂ 2020ರ ಮಾರ್ಚ್ 6ರಂದು ಮುರಿಯಿತು. ಕೊರೊನಾದಿಂದ ಬೇಡಿಕೆ ಕುಸಿಯುತ್ತಿದ್ದಾಗ ಇನ್ನಷ್ಟು ಕಡಿತಕ್ಕೆ ರಷ್ಯಾ ಒಪ್ಪಲಿಲ್ಲ, ಸೌದಿ ರಿಯಾಯಿತಿ ಕೊಟ್ಟು ತೈಲ ಸುರಿಯಿತು. ಏಪ್ರಿಲ್ 12ಕ್ಕೆ ಇಬ್ಬರೂ ಮತ್ತೆ ಕೂತು ದಿನಕ್ಕೆ ಒಟ್ಟು 97 ಲಕ್ಷ ಬ್ಯಾರೆಲ್ ಕಡಿತಕ್ಕೆ ಒಪ್ಪಿದರು. ಅಷ್ಟರಲ್ಲಿ ತಡವಾಗಿತ್ತು. ಏಪ್ರಿಲ್ 20ರಂದು ಅಮೆರಿಕದ ತೈಲದ ಮುಂಗಡ ಒಪ್ಪಂದದ (ಮುಂದೆ ಕೊಡಬೇಕಾದ ಸರಕಿನ) ಬೆಲೆ ಸೊನ್ನೆಗಿಂತ ಕೆಳಗೆ, ಮೈನಸ್ 37.63 ಡಾಲರ್‌ಗೆ ಬಿತ್ತು.

ಇಲ್ಲಿ ಸಭಿಕರೊಬ್ಬರು ಕೇಳಿದರು: ‘ಸಾರ್, ಅವ್ರು ಜಗಳ ಆಡಿ ಬೆಲೆ ಬಿದ್ರೆ ನಮಗೆ ಒಳ್ಳೇದೇ ಅಲ್ವಾ?’

ಒಳ್ಳೆ ಪ್ರಶ್ನೆ. ದೇಶದ ಆಮದು ಬಿಲ್ಲಿಗೆ ಒಳ್ಳೆಯದು, ಹೌದು. ಆದರೆ ಆ ಇಳಿಕೆ ನಿಮ್ಮ ಡೀಸೆಲ್ ಕ್ಯಾನಿಗೆ ಬಂತಾ? 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ಮೇಲೆ ಲೀಟರಿಗೆ 10 ರೂಪಾಯಿ, ಡೀಸೆಲ್ ಮೇಲೆ 13 ರೂಪಾಯಿ ಸುಂಕ ಏರಿಸಿತು. ಬಂಕ್ ಬೆಲೆ ಇಳಿಯಲಿಲ್ಲ. ಇನ್ನೊಂದು, ಕೊಲ್ಲಿ ದೇಶಗಳ ಬಜೆಟ್ ಬಿಗಿಯಾದರೆ ಅಲ್ಲಿ ಕೆಲಸ ಕಳೆದುಕೊಳ್ಳುವವರು ನಮ್ಮವರು. ಕರಾವಳಿಯ ಎಷ್ಟೋ ಮನೆಗಳ ಅಡಿಪಾಯ ಆ ಸಂಬಳದಲ್ಲಿ ಎದ್ದದ್ದು. ನಮಗೆ ಬೇಕಿರುವುದು ಅವರ ಜಗಳವೂ ಅಲ್ಲ, ಅವರ ಅತಿಯಾದ ಒಗ್ಗಟ್ಟೂ ಅಲ್ಲ. ಏರಿಳಿತ ಕಡಿಮೆ ಇರುವ ಬೆಲೆ.

ಹಾಗಾದರೆ ಕೊಳ್ಳುವವರಾಗಿ ನಾವು ಎಷ್ಟು ಕಾಯಬಲ್ಲೆವು? ನಮಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಜಾಸ್ತಿ ಹೊರಗಿನದು. ಅದಕ್ಕೇ ಬಂಡೆ ಕೊರೆದು ನೆಲದಡಿ ತೈಲ ಸಂಗ್ರಹ ಮಾಡಿದ್ದೇವೆ. ದೇಶದಲ್ಲಿ ಮೊದಲ ಹಂತದಲ್ಲಿ ಮಾಡಿದ್ದು ಮೂರು ಕಡೆ. ಅದರಲ್ಲಿ ಎರಡು ನಮ್ಮ ರಾಜ್ಯದಲ್ಲೇ ಇವೆ, ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್. ವಿಶಾಖಪಟ್ಟಣದ್ದೂ ಸೇರಿದರೆ ಒಟ್ಟು 53.3 ಲಕ್ಷ ಟನ್. ತುಂಬಿಟ್ಟರೆ ಇಡೀ ದೇಶಕ್ಕೆ ಸುಮಾರು ಒಂಬತ್ತೂವರೆ ದಿನಕ್ಕೆ ಆಗುತ್ತದೆ. ಕಂಪನಿಗಳ ಟ್ಯಾಂಕ್‌ಗಳಲ್ಲಿ ಇರುವುದು ಬೇರೆ. ಮಂಗಳೂರಿನ ಗುಹೆಯಲ್ಲಿ ಅಬುಧಾಬಿಯ ರಾಷ್ಟ್ರೀಯ ತೈಲ ಕಂಪನಿಯೂ ತನ್ನ ತೈಲ ಇಟ್ಟಿದೆ, ಮೊದಲ ಹಡಗು ಬಂದದ್ದು 2018ರಲ್ಲಿ. ನಮಗೆ ತುರ್ತು ಬಂದರೆ ಅದರ ಮೇಲೆ ಮೊದಲ ಹಕ್ಕು ನಮ್ಮದು, ಅವರಿಗೆ ಗಿರಾಕಿಯ ಬಾಗಿಲಲ್ಲೇ ಗೋದಾಮು. ಪಾದೂರನ್ನು ಇನ್ನೂ 25 ಲಕ್ಷ ಟನ್ ಹಿಗ್ಗಿಸಲು, ಒಡಿಶಾದ ಚಂಡಿಖೋಲ್‌ನಲ್ಲಿ 40 ಲಕ್ಷ ಟನ್ನಿನ ಹೊಸ ಸಂಗ್ರಹ ಕಟ್ಟಲು 2021ರಲ್ಲೇ ಒಪ್ಪಿಗೆ ಸಿಕ್ಕಿದೆ. ಆ ಕೆಲಸ ಬೇಗ ಮುಗಿಯಲಿ ಅಂತ ಒತ್ತಾಯ ಮಾಡಬೇಕಾದವರಲ್ಲಿ ಡೀಸೆಲ್ ಹಾಕಿ ಉಳುವ ಮಂಡ್ಯದ ರೈತರೂ ಇದ್ದಾರೆ.